297 ವರ್ಷ ಕದ್ದವರಿಗೆ ಸಿರೂರಿನ ಅಮಾವಾಸ್ಯೆ

ಕ್ರಿ.ಶ. 614ರಿಂದ 911ರವರೆಗಿನ 297 ವರ್ಷ ನಡೆದೇ ಇಲ್ಲ, ಅವು ಕಾಗದದ ಮೇಲೆ ಮಾತ್ರ ಇರುವ ವರ್ಷಗಳು. ಇದು ಹೆರಿಬರ್ಟ್ ಇಲ್ಲಿಗ್ ಎಂಬ ಜರ್ಮನ್ ಲೇಖಕ 1991ರಲ್ಲಿ ಮಂಡಿಸಿದ ವಾದ. ಚಕ್ರವರ್ತಿ ಮೂರನೇ ಒಟ್ಟೋಗೆ ಕ್ರಿಸ್ತನ ಸಾವಿರದ ವರ್ಷದಲ್ಲಿ ಸಿಂಹಾಸನದ ಮೇಲಿರುವ ಆಸೆ. ಪೋಪ್ ಎರಡನೇ ಸಿಲ್ವೆಸ್ಟರ್ ಜತೆ ಸೇರಿ ಗಡಿಯಾರದ ಮುಳ್ಳು ತಿರುಗಿಸಿದಂತೆ ವರ್ಷಗಳನ್ನು ಮುಂದಕ್ಕೆ ತಳ್ಳಿದ. ನಡುವಿನ ಖಾಲಿ ಜಾಗಕ್ಕೆ ಶಾರ್ಲಮೇನ್‌ನಂಥ ರಾಜರನ್ನು ಕಲ್ಪಿಸಿ ತುಂಬಿದರು. ಯೂಟ್ಯೂಬಿನಲ್ಲಿ ಇಂದಿಗೂ ಚೆನ್ನಾಗಿ ಓಡುವ ಕಥೆ ಇದು.

ಇದನ್ನು ಯುರೋಪಿನವರ ಮನೆಯ ಜಗಳ ಅಂತ ಬಿಡುವ ಹಾಗಿಲ್ಲ. ಕಾಲ ಎಲ್ಲರಿಗೂ ಒಂದೇ. ಆ 297 ವರ್ಷ ಹೋದರೆ ಅದರ ಜತೆ 634ರ ಐಹೊಳೆ ಶಾಸನ, ಹರ್ಷ ನರ್ಮದೆಯ ದಡದಿಂದ ಹಿಂದಿರುಗಿದ್ದು, ಹ್ಯುಯೆನ್ ತ್ಸಾಂಗನ ಯಾತ್ರೆ, ಪಟ್ಟದಕಲ್ಲಿನ ವಿರೂಪಾಕ್ಷ, ಎಲ್ಲೋರದ ಕೈಲಾಸ, ಅಮೋಘವರ್ಷನ 64 ವರ್ಷದ ಆಳ್ವಿಕೆ, ಕವಿರಾಜಮಾರ್ಗ ಎಲ್ಲವೂ ಹೋಗುತ್ತವೆ. ಪಂಪನ ಬಾಲ್ಯದ ಒಂಬತ್ತು ವರ್ಷವೂ ಹೋಗುತ್ತದೆ, ಏಕೆಂದರೆ ಅವನು ಹುಟ್ಟಿದ್ದು 902ರಲ್ಲಿ. 622ರ ಹಿಜರಿಯೂ ಇದೇ ಹಳ್ಳದಲ್ಲಿದೆ. ಸ್ವೀಡನ್ನಿನ ಗೋಟ್‌ಲಂಡ್ ದ್ವೀಪದ ಸ್ಪಿಲಿಂಗ್ಸ್‌ನಲ್ಲಿ 1999ರಲ್ಲಿ ಸಿಕ್ಕ ನಿಧಿಯಲ್ಲಿ ಸುಮಾರು 14,000 ಬೆಳ್ಳಿ ನಾಣ್ಯಗಳಿದ್ದವು. ಹೆಚ್ಚಿನವು ಅರಬ್ಬರ ದಿರ್ಹಮ್‌ಗಳು. ಅಂಥ ದಿರ್ಹಮ್ಮಿನ ಮೇಲೆ ಟಂಕಸಾಲೆಯ ಹೆಸರು, ಹಿಜರಿ ವರ್ಷ ಎರಡೂ ಅಚ್ಚಾಗಿರುತ್ತವೆ. ಅವುಗಳಲ್ಲಿ ತೀರ ಈಚಿನದು 870-71ರದು. ಒಟ್ಟೋ ಎಷ್ಟೇ ಬಲಿಷ್ಠನಾದರೂ ಬಾಗ್ದಾದಿನ ಟಂಕಸಾಲೆ ಅವನ ಕೈಯಲ್ಲಿರಲಿಲ್ಲ.

ಆದರೆ ಇಂಥ ವಾದವನ್ನು "ಹುಚ್ಚು" ಎಂದು ತಳ್ಳಿಬಿಟ್ಟರೆ ಕೇಳಿದವನಿಗೆ ಉತ್ತರ ಸಿಗುವುದಿಲ್ಲ. ಅವನ ಹತ್ತಿರ ಒಂದು ಲೆಕ್ಕ ಇರುತ್ತದೆ. ಲೆಕ್ಕಕ್ಕೆ ಲೆಕ್ಕವೇ ಉತ್ತರ. ಅದಕ್ಕೆ ಬೇಕಾದ ಸಾಮಗ್ರಿ ಕನ್ನಡ ಓದುವವರ ಬಳಿ ಬೇರೆಯವರಿಗಿಂತ ಹೆಚ್ಚೇ ಇದೆ. ಯುರೋಪಿನ ದಾಖಲೆಯೊಂದು ಬರೀ ವರ್ಷ ಹೇಳಿ ಸುಮ್ಮನಾಗುವ ಕಡೆ ನಮ್ಮ ಶಾಸನ ಶಕ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಒಮ್ಮೊಮ್ಮೆ ನಕ್ಷತ್ರ ಮತ್ತು ಗ್ರಹಣ ಇಷ್ಟನ್ನೂ ಹೇಳುತ್ತದೆ. ಒಂದು ಸುಳ್ಳಾದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ.

ಇಲ್ಲಿಗ್‌ನ ಲೆಕ್ಕವನ್ನೇ ಮೊದಲು ನೋಡೋಣ. ಜೂಲಿಯನ್ ವರ್ಷ 365.25 ದಿನ, ಋತುಗಳನ್ನು ಹಿಡಿದು ನಡೆಯುವ ನಿಜವಾದ ಸಾಯನ ವರ್ಷ 365.2422 ದಿನ. ವರ್ಷಕ್ಕೆ 0.0078 ದಿನದ ತಪ್ಪು, ಅಂದರೆ 128 ವರ್ಷಕ್ಕೆ ಒಂದು ದಿನ. ಜೂಲಿಯಸ್ ಸೀಸರ್ ಪಂಚಾಂಗ ಜಾರಿಗೆ ತಂದದ್ದು ಕ್ರಿ.ಪೂ. 45ರಲ್ಲಿ. ಅಲ್ಲಿಂದ 1582ರವರೆಗೆ 1626 ವರ್ಷ, ತಪ್ಪು 12.7 ದಿನ ಆಗಬೇಕು. ಪೋಪ್ ಗ್ರೆಗರಿ ತೆಗೆದದ್ದು 10 ದಿನ ಮಾತ್ರ. ಹಾಗಾದರೆ ಸುಮಾರು ಮೂರು ದಿನದಷ್ಟು, ಅಂದರೆ ಮುನ್ನೂರು ಚಿಲ್ಲರೆ ವರ್ಷ, ಆಗಿಯೇ ಇಲ್ಲ! ಕೇಳಲು ಚೆನ್ನಾಗಿದೆ. ತಪ್ಪಿರುವುದು ಆರಂಭದ ವರ್ಷದಲ್ಲಿ. ಗ್ರೆಗರಿಯ ಸಮಿತಿಗೆ ಸೀಸರ್ ಬೇಕಿರಲಿಲ್ಲ. ಈಸ್ಟರ್ ಹಬ್ಬದ ಲೆಕ್ಕ ಸರಿಹೋಗಬೇಕಿತ್ತು. ಅದಕ್ಕೆ ಆಧಾರ 325ರ ನಿಕಿಯಾ ಸಭೆಯ ಕಾಲದ ವಿಷುವ (ಹಗಲು ರಾತ್ರಿ ಸಮನಾಗುವ ದಿನ), ಮಾರ್ಚ್ 21. 1582ರಿಂದ 325 ಕಳೆದರೆ 1257. ಅದನ್ನು 0.0078ರಿಂದ ಗುಣಿಸಿದರೆ 9.8. ಹತ್ತು ದಿನ ಸರಿಯಾಗಿಯೇ ಇದೆ.

ಇಷ್ಟಕ್ಕೆ ವಾದದ ಬೇರು ಕಡಿದಂತಾಯಿತು. ಆದರೂ "ಬೇರೆ ಸಾಕ್ಷಿ ಇದೆ" ಎನ್ನುವವರು ಇರುತ್ತಾರೆ, ಹಾಗಾಗಿ ಕಲ್ಲಿನ ಹತ್ತಿರ ಹೋಗೋಣ.

ಹಳೆಯ ಧಾರವಾಡ ಜಿಲ್ಲೆಯ ಸಿರೂರಿನಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನವೊಂದಿದೆ. ಅದೇ ಮಿತಿಯ, ಅಂದರೆ ಅದೇ ತೇದಿಯ, ಜೋಡಿ ಶಾಸನ ನೀಲಗುಂದದ್ದು. ಅಣ್ಣಿಗೇರಿಯಲ್ಲಿದ್ದು ಬೆಳ್ವೊಲ ಮುನ್ನೂರು ಎಂಬ ನಾಡನ್ನು ಆಳುತ್ತಿದ್ದ ಅಧಿಕಾರಿ ತುಪ್ಪದ ಸುಂಕವನ್ನು ದಾನ ಬಿಟ್ಟ ವಿಷಯ. (ಜಗತ್ತಿನ ಚರಿತ್ರೆಯನ್ನೇ ತಿದ್ದಲು ಹೊರಟ ಸಂಚುಕೋರ ತುಪ್ಪದ ಸುಂಕದ ತನಕ ಬರುತ್ತಾನೆಯೇ ಎಂಬುದು ಬೇರೆ ಪ್ರಶ್ನೆ.) ಅದರ ಮಿತಿ ಹೀಗಿದೆ: ಶಕ 788 ಕಳೆದು, ವ್ಯಯ ಸಂವತ್ಸರ, ಅಮೋಘವರ್ಷನ 52ನೇ ಆಳ್ವಿಕೆಯ ವರ್ಷ, ಜ್ಯೇಷ್ಠ ಅಮಾವಾಸ್ಯೆ, ಆದಿತ್ಯವಾರ, ಸೂರ್ಯಗ್ರಹಣ. ಶಕಕ್ಕೆ 78 ಸೇರಿಸಿದರೆ ಕ್ರಿ.ಶ. 866, ಇಲ್ಲಿಗ್ ಅಳಿಸಿದ ಕಾಲದೊಳಗೇ ಬೀಳುವ ಮಿತಿ.

ಸಂವತ್ಸರ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಗತ (ಕಳೆದ) ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಶೇಷ ಪ್ರಭವದಿಂದ ಎಷ್ಟನೆಯದು ಎಂದು ಹೇಳುತ್ತದೆ, ಶೇಷ ಸೊನ್ನೆ ಬಂದರೆ ಅಕ್ಷಯ. 788ಕ್ಕೆ 12 ಸೇರಿದರೆ 800, ಶೇಷ 20. ಇಪ್ಪತ್ತನೆಯದು ವ್ಯಯ. ಸರಿಹೋಯಿತು. ಸೂತ್ರದ ಮೇಲೆ ಅನುಮಾನವಿದ್ದರೆ ಮನೆಯ ಪಂಚಾಂಗದ ಮೇಲೆ ಪ್ರಯೋಗಿಸಿ: 2025ರ ಯುಗಾದಿಗೆ ಶಕ 1947, ಜತೆಗೆ 12, ಒಟ್ಟು 1959, ಶೇಷ 39, ವಿಶ್ವಾವಸು. ಇದು ದಕ್ಷಿಣದ ಪದ್ಧತಿಗೆ ಮಾತ್ರ. ಉತ್ತರದಲ್ಲಿ ಸಂವತ್ಸರ ಗುರುವಿನ ಚಲನೆಯನ್ನು ಹಿಡಿದು ನಡೆಯುತ್ತದೆ, ನಡುನಡುವೆ ಒಂದು ಸಂವತ್ಸರ ಕ್ಷಯವಾಗುತ್ತದೆ. ಅಲ್ಲಿಗೆ ಈ ಸೂತ್ರ ಹಚ್ಚಿದರೆ ಪೆಟ್ಟು ತಿನ್ನುತ್ತೀರಿ.

ಇನ್ನು ವಾರ. ಇದಕ್ಕೆ ಜೂಲಿಯನ್ ದಿನಸಂಖ್ಯೆ, ಅಂದರೆ ಖಗೋಳಜ್ಞರು ದಿನಗಳನ್ನು ಎಡೆಬಿಡದೆ ಎಣಿಸುತ್ತ ಬಂದ ಸಂಖ್ಯೆ, ಬೇಕು. ನಾಲ್ಕರಿಂದ ಭಾಗವಾಗುವ ವರ್ಷದ ಜನವರಿ 1ರ ದಿನಸಂಖ್ಯೆ 1721058 + (365.25 × ವರ್ಷ). 864ಕ್ಕೆ ಅದು 2036634. ಅಧಿಕ ವರ್ಷಕ್ಕೆ 366, ಮುಂದಿನದಕ್ಕೆ 365 ಸೇರಿಸಿದರೆ 866ರ ಜನವರಿ 1 = 2037365. ಆ ವರ್ಷ ಜ್ಯೇಷ್ಠ ಅಮಾವಾಸ್ಯೆ ಬಿದ್ದಿರಬಹುದಾದ ಅಭ್ಯರ್ಥಿ ದಿನ ಜೂನ್ 16; ಅದು ವರ್ಷದ 167ನೇ ದಿನ, ಒಂದು ಕಡಿಮೆ ಮಾಡಿ 166 ಸೇರಿಸಿ: 2037531. ಇದನ್ನು 7ರಿಂದ ಭಾಗಿಸಿದಾಗ ಶೇಷ 0 ಆದರೆ ಸೋಮವಾರ, 1 ಮಂಗಳವಾರ, ಹೀಗೆ 6 ಭಾನುವಾರ. ಶೇಷ 6 ಬರುತ್ತದೆ. ಆದಿತ್ಯವಾರವೇ.

ತಿಥಿಗೆ ಸೂರ್ಯೋದಯದ ಹೊತ್ತು ಹಿಡಿಯಬೇಕು. ಜೂಲಿಯನ್ ದಿನಸಂಖ್ಯೆಯ ಪೂರ್ಣಾಂಕ ಗ್ರೀನಿಚ್ಚಿನ ಮಧ್ಯಾಹ್ನಕ್ಕೆ ಸೇರಿದ್ದು, ನಮ್ಮ ಬೆಳಗಿನ 6 ಗಂಟೆ ಅದಕ್ಕಿಂತ 0.48 ದಿನ ಹಿಂದೆ. ಹಾಗಾಗಿ 2037530.52 ಅಂತ ಇಟ್ಟುಕೊಳ್ಳಿ. 2000ನೇ ಇಸವಿಯ ಜನವರಿಯ ಮಧ್ಯಮ (ಸರಾಸರಿ ಲೆಕ್ಕದ) ಅಮಾವಾಸ್ಯೆ 2451550.10. ಎರಡರ ಅಂತರ 414019.58 ದಿನ. ಚಾಂದ್ರಮಾಸದ ಸರಾಸರಿ 29.530588ರಿಂದ ಭಾಗಿಸಿದರೆ 14020.025. ಹಿಂದಕ್ಕೆ ಎಣಿಸುತ್ತಿದ್ದೇವಾದ್ದರಿಂದ ದಶಮಾಂಶವನ್ನು 1ರಿಂದ ಕಳೆಯಬೇಕು: 0.975. ಅದನ್ನು 30ರಿಂದ ಗುಣಿಸಿದರೆ 29.25. ಅಂದರೆ 29 ತಿಥಿ ಮುಗಿದು 30ನೆಯದು ನಡೆಯುತ್ತಿದೆ. ಅಮಾವಾಸ್ಯೆ. ಗ್ರಹಣಕ್ಕೆ ಚಂದ್ರ ರಾಹು ಅಥವಾ ಕೇತುವಿನ ಹತ್ತಿರವೂ ಇರಬೇಕು. 1999ರ ಆಗಸ್ಟ್ 11ರ ಸೂರ್ಯಗ್ರಹಣದಿಂದ ಹಿಂದಕ್ಕೆ 27.212221 ದಿನದ ಪಾತಮಾಸದಲ್ಲಿ (ಚಂದ್ರ ರಾಹುವಿನಿಂದ ಹೊರಟು ಮತ್ತೆ ರಾಹುವಿಗೆ ಬರುವ ಅವಧಿ) ಎಣಿಸಿದರೆ ಸುಮಾರು 15209 ಸುತ್ತು ಬರುತ್ತದೆ, ಚಿಲ್ಲರೆ ಇಲ್ಲವೆನ್ನುವಷ್ಟು ಕಡಿಮೆ. ಉತ್ತರ ಪೂರ್ಣಾಂಕಕ್ಕೋ ಅರ್ಧಕ್ಕೋ ಹತ್ತಿರ ಬಂದರೆ ಗ್ರಹಣ ಸಾಧ್ಯ. ಇಲ್ಲಿ ಸಾಧ್ಯ.

ಸಂವತ್ಸರ, ವಾರ, ತಿಥಿ, ಗ್ರಹಣ: ಲೆಕ್ಕ ಹಾಕಿದ ನಾಲ್ಕು ಅಂಶ, ನಾಲ್ಕೂ ಹೊಂದಿದವು. ಆಳ್ವಿಕೆಯ 52ನೇ ವರ್ಷ ಎಂಬುದು ಬೇರೆ ಕಡೆಯಿಂದ ಗೊತ್ತಿರುವ 814ರ ಪಟ್ಟಾಭಿಷೇಕಕ್ಕೂ ಹೊಂದುತ್ತದೆ.

ಈಗ ಇಲ್ಲಿಗ್‌ನ ಕತ್ತರಿ ಆಡಿಸಿ ನೋಡೋಣ. ಒಂದು ಮಿತಿಯನ್ನು 297 ವರ್ಷ ಆಚೆಗೋ ಈಚೆಗೋ ಸರಿಸಿದರೆ ದಿನಗಳ ಲೆಕ್ಕದಲ್ಲಿ 108479 ಸರಿಯುತ್ತದೆ, ಅಧಿಕ ವರ್ಷಗಳು ಬೀಳುವ ರೀತಿಯಿಂದ ಕೆಲವೊಮ್ಮೆ ಒಂದು ಹೆಚ್ಚು. ತಮಾಷೆ ಏನೆಂದರೆ 108479 ಏಳರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದ್ದರಿಂದ ವಾರ ಬದಲಾಗುವುದಿಲ್ಲ! ಬರೀ ವಾರ ಮಾತ್ರ ನೋಡಿದವರಿಗೆ ಇಲ್ಲಿಗ್ ಸರಿ ಅಂತಲೇ ಕಾಣಬೇಕು. ಆದರೆ ಚಾಂದ್ರಮಾಸದಿಂದ ಭಾಗಿಸಿದರೆ 3673 ತಿಂಗಳು ಹೋಗಿ 13 ತಿಥಿಗೂ ಮಿಕ್ಕಿದ ಚಿಲ್ಲರೆ ಉಳಿಯುತ್ತದೆ. 866ರ ಬದಲು 1163ರ ಜೂನ್ 16 ಹಿಡಿದರೆ ಅದೂ ಭಾನುವಾರವೇ, ಆದರೆ ತಿಥಿ ಶುಕ್ಲ ತ್ರಯೋದಶಿ. ತ್ರಯೋದಶಿಯ ದಿನ ಸೂರ್ಯಗ್ರಹಣ ಹಿಡಿಸುವ ಶಕ್ತಿ ಯಾವ ಪೋಪನಿಗೂ ಇಲ್ಲ. ಸಂವತ್ಸರವೂ ಕೆಡುತ್ತದೆ: 297 ಅಂದರೆ ಐದು ಅರವತ್ತಕ್ಕೆ ಮೂರು ಕಡಿಮೆ, ಹಾಗಾಗಿ ವ್ಯಯ ಇರಬೇಕಾದಲ್ಲಿ ಮೂರು ಮನೆ ಹಿಂದಿನ ಹೆಸರು ಬರುತ್ತದೆ.

ಅಳಿಸಿದ ಕಾಲದ ಹೊರಗಿನ ಮಿತಿಯೂ ಇದೇ ಮಾತು ಹೇಳಬೇಕು. ಮಧ್ಯಪ್ರದೇಶದ ಏರಣ್‌ನಲ್ಲಿ ಬುಧಗುಪ್ತನ ಕಾಲದ ಸ್ತಂಭಶಾಸನ ಇದೆ: ಗುಪ್ತ ವರ್ಷ 165, ಆಷಾಢ ಶುಕ್ಲ ದ್ವಾದಶಿ, ಗುರುವಾರ. ಭಾರತದ ಶಾಸನಗಳಲ್ಲಿ ವಾರದ ಹೆಸರು ಬರುವ ಅತಿ ಹಳೆಯ ಉದಾಹರಣೆ ಎಂದು ಹೆಸರಾದದ್ದು. ಅದರ ದಿನ 484ರ ಜೂನ್ 21, ದಿನಸಂಖ್ಯೆ 1898011. ಶೇಷ 3, ಗುರುವಾರ. ತಿಥಿ ಲೆಕ್ಕ 11.47, ಅಂದರೆ ಹನ್ನೆರಡನೆಯದು ನಡೆಯುತ್ತಿದೆ. ಇಲ್ಲಿಗ್ ಹೇಳುವಂತೆ ನಡುವಿನ 297 ವರ್ಷ ಇಲ್ಲದೆ ಹೋದರೆ ಬುಧಗುಪ್ತ ಕಂಡ ಆಕಾಶ ನಾವು 781 ಎಂದು ಕರೆಯುವ ವರ್ಷದ ಆಕಾಶವಾಗಬೇಕು. 781ರ ಜೂನ್ 21 ಕೂಡ ಗುರುವಾರವೇ. ತಿಥಿ ಮಾತ್ರ ಕೃಷ್ಣ ದಶಮಿ.

ಹ್ಯಾಲಿ ಧೂಮಕೇತುವಿನದು ಇನ್ನೂ ಸರಳ. ಅದು ಕಾಣಿಸಿಕೊಂಡ ವರ್ಷಗಳು 530, 607, 684, 760, 837, 912, 989, 1066. 837ರಲ್ಲಿ ಭೂಮಿಗೆ ತೀರ ಹತ್ತಿರ ಬಂದು ಹೋದದ್ದನ್ನು ಚೀನಾದ ಆಸ್ಥಾನದವರು ದಿನದಿನವೂ ಬರೆದಿಟ್ಟಿದ್ದಾರೆ. 297 ವರ್ಷ ತೆಗೆದರೆ 912 ಹೋಗಿ 615 ಆಗುತ್ತದೆ. 607ರಲ್ಲಿ ಬಂದಿದ್ದ, 76 ವರ್ಷಕ್ಕೊಮ್ಮೆ ಬರುವ ಧೂಮಕೇತು ಎಂಟೇ ವರ್ಷಕ್ಕೆ ಮತ್ತೆ ಬಂದಂತಾಯಿತು.

ಇಷ್ಟು ಓದಿ ಯಾವುದಾದರೂ ಶಾಸನ ಸಂಪುಟ ತೆಗೆದು ಮೊದಲ ಮಿತಿಗೇ ಲೆಕ್ಕ ಹಾಕಿದರೆ, ಅದು ಹೊಂದದೆ ಇರುವ ಸಾಧ್ಯತೆಯೂ ಸಾಕಷ್ಟಿದೆ. ಆಗ "ಸಿಕ್ಕಿತು ಸಂಚು" ಎಂದು ಕುಣಿಯುವ ಮೊದಲು ನೋಡಬೇಕಾದ ಕಡೆಗಳಿವೆ.

ಗತ ಮತ್ತು ವರ್ತಮಾನ ಶಕದ ಗೊಂದಲ ಮೊದಲನೆಯದು, ಅತಿ ಸಾಮಾನ್ಯವಾದದ್ದು. ಶಕ 788 "ಕಳೆದು" ಅಂದರೆ ನಡೆಯುತ್ತಿರುವುದು 789. ಬರೆದವನು ಆ ಮಾತು ಬಿಟ್ಟಿದ್ದರೆ ಎರಡೂ ವರ್ಷ ಪರೀಕ್ಷಿಸಲೇಬೇಕು. ಸಂವತ್ಸರದ ಹೆಸರಿದ್ದರೆ ಅದನ್ನೇ ನಂಬಿ. ಶಕದ ಅಂಕಿ ತಪ್ಪುವಷ್ಟು ಸುಲಭವಾಗಿ ಸಂವತ್ಸರದ ಹೆಸರು ತಪ್ಪುವುದಿಲ್ಲ, ಏಕೆಂದರೆ ಊರಿನವರ ಬಾಯಲ್ಲಿ ಓಡಾಡುತ್ತಿದ್ದದ್ದು ಅದೇ. ಪಂಪನನ್ನೇ ನೋಡಿ: ಹುಟ್ಟಿದ್ದು ದುಂದುಭಿ ಸಂವತ್ಸರದಲ್ಲಿ, ಆದಿಪುರಾಣ ಮುಗಿಸಿದ್ದು ಶಕ 863ರ ಪ್ಲವದಲ್ಲಿ. 863ಕ್ಕೆ 12 ಸೇರಿ 875, ಶೇಷ 35, ಪ್ಲವ. 56ನೆಯದಾದ ದುಂದುಭಿಯಿಂದ ಪ್ಲವಕ್ಕೆ 39 ವರ್ಷ. ಕವಿಯ ವಯಸ್ಸು ಸಿಕ್ಕಿದ್ದು ಈ ಎರಡು ಹೆಸರಿನಿಂದ.

ಮಾಸದ ಪದ್ಧತಿ ಎರಡನೆಯದು. ಇಮ್ಮಡಿ ಪುಲಕೇಶಿಯ ಹೈದರಾಬಾದ್ ತಾಮ್ರಪಟ ಶಕ 534 ಕಳೆದ ಭಾದ್ರಪದ ಅಮಾವಾಸ್ಯೆಯ ಸೂರ್ಯಗ್ರಹಣ ಹೇಳುತ್ತದೆ. ತಿಂಗಳು ಅಮಾವಾಸ್ಯೆಗೆ ಮುಗಿಯುವ ನಮ್ಮ ಇಂದಿನ ಅಮಾಂತ ಪದ್ಧತಿಯಲ್ಲಿ ಹುಡುಕಿದರೆ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಕೈ ಹಾಕುತ್ತೀರಿ, ಏನೂ ಸಿಗುವುದಿಲ್ಲ. ಗ್ರಹಣ ಬಿದ್ದದ್ದು 612ರ ಆಗಸ್ಟ್ 2ರಂದು, ಮತ್ತೊಂದು 613ರ ಜುಲೈ 23ರಂದು. ಭಾದ್ರಪದ ಎಂಬ ಹೆಸರು ಅಷ್ಟು ಹಿಂದಕ್ಕೆ ಬರಬೇಕಾದರೆ ತಿಂಗಳು ಹುಣ್ಣಿಮೆಗೆ ಮುಗಿಯುವ ಪೂರ್ಣಿಮಾಂತವಾಗಿರಬೇಕು. ಅಂದರೆ ಬಾದಾಮಿಯವರ ಪಂಚಾಂಗ ನಮ್ಮದಲ್ಲ. ಶುಕ್ಲಪಕ್ಷದ ಮಿತಿಗಳಿಗೆ ಈ ತೊಂದರೆ ಇಲ್ಲ, ಎರಡೂ ಪದ್ಧತಿಯಲ್ಲಿ ಹೆಸರು ಒಂದೇ.

ಮೇಲೆ ಕೊಟ್ಟ ತಿಥಿ ಲೆಕ್ಕ ಮಧ್ಯಮ ಚಂದ್ರನದು ಎಂಬುದನ್ನೂ ಮರೆಯಬಾರದು. ನಿಜವಾದ ಚಂದ್ರ ಅದಕ್ಕಿಂತ ಅರ್ಧ ದಿನಕ್ಕೂ ಹೆಚ್ಚು ಹಿಂದೆ ಮುಂದೆ ಇರಬಹುದು, ಆದ್ದರಿಂದ ಒಂದು ತಿಥಿಯ ವ್ಯತ್ಯಾಸ ತಪ್ಪಲ್ಲ. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕ 1039, ಹೇಮಲಂಬಿ, ಚೈತ್ರ ಶುದ್ಧ ಪಂಚಮಿ. 1117ರ ಮಾರ್ಚ್ 10ಕ್ಕೆ ಲೆಕ್ಕ ಹಾಕಿದರೆ 4.99 ಬರುತ್ತದೆ. ಪಂಚಮಿಯೇ, ಆದರೆ ಕೂದಲೆಳೆಯಷ್ಟು ಆಚೆ ಹೋದರೆ ಷಷ್ಠಿ. ಇಂಥ ಗಡಿ ಮಿತಿಗಳಿಗೆ ಸ್ಪಷ್ಟ ಚಂದ್ರನ ಗಣಿತ ಬೇಕು. ಸ್ವಾಮಿಕಣ್ಣು ಪಿಳ್ಳೈ 700ರಿಂದ 1799ರವರೆಗೆ ಮಾಡಿಟ್ಟ ಕೋಷ್ಟಕಗಳನ್ನು ಶಾಸನತಜ್ಞರು ಪಕ್ಕದಲ್ಲೇ ಇಟ್ಟುಕೊಂಡಿರುವುದು ಅದಕ್ಕೇ.

ಸಾಫ್ಟ್‌ವೇರ್ ಬಳಸುವವರು ಎಡವಿ ಬೀಳಬಹುದಾದ ಮೂರು ಗುಂಡಿಗಳಿವೆ. ಖಗೋಳಗಣಿತದಲ್ಲಿ ಸೊನ್ನೆ ವರ್ಷ ಇದೆ, ಚರಿತ್ರೆಯಲ್ಲಿ ಇಲ್ಲ, ಹಾಗಾಗಿ ಕ್ರಿ.ಪೂ. 431 ಅಂದರೆ -430 ಅಂತ ಒತ್ತಬೇಕು. 1582ಕ್ಕೆ ಮುಂಚಿನದೆಲ್ಲ ಜೂಲಿಯನ್ ದಿನಾಂಕವೇ ಆಗಿರಬೇಕು. ಗ್ರೆಗೋರಿಯನ್ ಅನ್ನು ಹಿಂದಕ್ಕೆ ಎಳೆಯುವ ಪ್ರೋಗ್ರಾಮುಗಳೂ ಇವೆ. ಮೂರನೆಯದು ಭೂಮಿಯ ಸುತ್ತು ನಿಧಾನವಾಗುತ್ತಿರುವುದು. 600ರ ಆಸುಪಾಸಿನಲ್ಲಿ ಈ ವ್ಯತ್ಯಾಸ ಕೂಡಿ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ, ರೇಖಾಂಶದಲ್ಲಿ 20 ಡಿಗ್ರಿ. ಗ್ರಹಣ ಇತ್ತೇ ಎಂಬುದಕ್ಕೆ ಇದು ಬೇಕಾಗಿಲ್ಲ, ಎಲ್ಲಿ ಕಂಡಿತು ಎಂಬುದಕ್ಕೆ ಬೇಕೇ ಬೇಕು. ಕ್ರಿ.ಪೂ. 136ರ ಏಪ್ರಿಲ್ 15ರ ಖಗ್ರಾಸ ಗ್ರಹಣವನ್ನು ಬ್ಯಾಬಿಲೋನಿನವರು ಮಣ್ಣಿನ ಹಲಗೆಯಲ್ಲಿ ಬರೆದಿದ್ದಾರೆ, ಕತ್ತಲಲ್ಲಿ ಬುಧ, ಶುಕ್ರ, ಕುಜ, ಗುರು ಕಂಡದ್ದನ್ನೂ ಸೇರಿಸಿ. ಭೂಮಿ ಸದಾ ಒಂದೇ ವೇಗದಲ್ಲಿ ಸುತ್ತಿದೆ ಎಂದು ಲೆಕ್ಕ ಹಾಕಿದರೆ ಆ ನೆರಳು ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. ಹವ್ಯಾಸಿಗಳು ಹಳೆಯ ಗ್ರಹಣಗಳ ದಾಖಲೆ ಸುಳ್ಳು ಎಂದು ಘೋಷಿಸುವುದು ಬಹಳಷ್ಟು ಸಲ ಈ ಒಂದು ತಿದ್ದುಪಡಿ ಬಿಟ್ಟುದರಿಂದ.

ಇಲ್ಲಿಗ್ ಮುನ್ನೂರು ವರ್ಷಕ್ಕೆ ತೃಪ್ತನಾದರೆ, ಮಾಸ್ಕೋದ ಗಣಿತಜ್ಞ ಅನತೋಲಿ ಫೊಮೆಂಕೋ ಸಾವಿರಕ್ಕೂ ಹೆಚ್ಚು ವರ್ಷ ನುಂಗಿದ. ಪ್ರಾಚೀನ ಗ್ರೀಸ್, ರೋಮ್ ಎಲ್ಲವೂ ಮಧ್ಯಯುಗದ ನೆರಳುಗಳು, ಒಂದೇ ರಾಜವಂಶವನ್ನು ಹೆಸರು ಬದಲಿಸಿ ಹಲವು ಸಲ ಬರೆದಿದ್ದಾರೆ ಎಂಬುದು ಅವನ ವಾದ. ಆಧಾರ ಏನೆಂದರೆ ಎರಡು ವಂಶಗಳ ಆಳ್ವಿಕೆಯ ಅವಧಿಗಳನ್ನು ಪಕ್ಕಪಕ್ಕ ಇಟ್ಟರೆ ಹೊಂದುತ್ತವೆ.

ಹೊಂದುತ್ತವೆ, ನಿಜ. ನಮ್ಮಲ್ಲೂ ಹೊಂದಿಸಬಹುದು. ಬಾದಾಮಿ ಚಾಲುಕ್ಯರನ್ನು ಕಲ್ಯಾಣ ಚಾಲುಕ್ಯರ ನೆರಳು ಎಂದುಕೊಂಡು 400 ವರ್ಷ ಸರಿಸಿ. ಎರಡೂ ಕಡೆ ಜಯಸಿಂಹ, ವಿಕ್ರಮಾದಿತ್ಯ, ಸತ್ಯಾಶ್ರಯ ಎಂಬ ಹೆಸರುಗಳು. ಇಮ್ಮಡಿ ಪುಲಕೇಶಿ 609ರಿಂದ 642; ಇಮ್ಮಡಿ ಜಯಸಿಂಹ 1015ರಿಂದ 1042. ಇಬ್ಬರಿಗೂ ದಕ್ಷಿಣದ ತಮಿಳು ಅರಸರೊಡನೆ ಯುದ್ಧ. ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಚೋಳ ರಾಜಾಧಿರಾಜ ಕಲ್ಯಾಣವನ್ನು ಸುಟ್ಟ. ಆಮೇಲೆ ಎರಡೂ ಕಡೆ ಒಬ್ಬ ವಿಕ್ರಮಾದಿತ್ಯ ಬಂದು ವಂಶದ ಮಾನ ಉಳಿಸಿದ. ಇಷ್ಟು ಹೊತ್ತಿಗೆ ಕೇಳುಗ ತಲೆದೂಗುತ್ತಿರುತ್ತಾನೆ.

ಮೋಸ ಇರುವುದು ಆಯ್ಕೆಯಲ್ಲಿ. ಅಲ್ಪಕಾಲ ಆಳಿದವನನ್ನು ಸೇರಿಸುವುದೋ ಬಿಡುವುದೋ, ಯುವರಾಜನಾಗಿದ್ದ ಕಾಲ ಎಣಿಸುವುದೋ ಇಲ್ಲವೋ, ಅಣ್ಣತಮ್ಮಂದಿರನ್ನು ಒಬ್ಬನೇ ಎನ್ನುವುದೋ ಇಬ್ಬರೆನ್ನುವುದೋ. ಹತ್ತು ರಾಜರ ಪಟ್ಟಿಯಲ್ಲಿ ಪ್ರತಿಯೊಬ್ಬನಿಗೂ ಹೀಗೆ ಎರಡೇ ದಾರಿ ಎಂದರೂ 1024 ಬೇರೆ ಬೇರೆ ಪಟ್ಟಿಗಳಾಗುತ್ತವೆ. ಎಷ್ಟು ವರ್ಷ ಸರಿಸಬೇಕು ಎಂಬ ಸ್ವಾತಂತ್ರ್ಯ ಬೇರೆ. ಅಷ್ಟರಲ್ಲಿ ಒಂದು ಹೊಂದದಿದ್ದರೆ ಆಶ್ಚರ್ಯ. ಮತ್ತೆ ಹೆಸರುಗಳು ಒಂದೇ ಇರುವುದಕ್ಕೆ ಕಾರಣ ಗುಟ್ಟಿನದಲ್ಲ: ಕಲ್ಯಾಣದವರು ತಾವು ಬಾದಾಮಿಯವರ ಕುಲ ಎಂದು ಹೇಳಿಕೊಳ್ಳುತ್ತಿದ್ದರು, ಮಕ್ಕಳಿಗೆ ಹಿರಿಯರ ಹೆಸರಿಟ್ಟರು. ನಡುವೆ ಸಿರೂರಿನ 866 ಅಡ್ಡ ನಿಂತಿದೆ. ಭಾಷೆಯೂ ಬಿಟ್ಟುಕೊಡುವುದಿಲ್ಲ. ಬಾದಾಮಿಯ ಕಾಲದ ಪೂರ್ವದ ಹಳಗನ್ನಡದಲ್ಲಿ ಸಪ್ತಮಿ ವಿಭಕ್ತಿಗೆ "ಉಳ್", ಷಷ್ಠಿ ವಿಭಕ್ತಿಗೆ ದೀರ್ಘ "ಆ". ಕಲ್ಯಾಣದ ಹೊತ್ತಿಗೆ ಅವು "ಒಳ್" ಮತ್ತು ಹ್ರಸ್ವ "ಅ". ೞಕಾರವನ್ನು ಎಲ್ಲಿ ಬರೆಯಬೇಕು ಎಂಬುದರಲ್ಲೇ ಆಗ ಗಲಿಬಿಲಿ ಶುರುವಾಗಿತ್ತು. ಅಕ್ಷರದ ಸ್ವರೂಪವಂತೂ ಕಣ್ಣಿಗೇ ಕಾಣುವಷ್ಟು ಬೇರೆ. ರಾಜರ ಪಟ್ಟಿಯನ್ನು ಮಡಿಸಬಹುದು, ವ್ಯಾಕರಣವನ್ನು ಮಡಿಸಲಾಗದು.

ಫೊಮೆಂಕೋನ ಇನ್ನೊಂದು ಅಸ್ತ್ರ ಪ್ರಾಚೀನ ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ಹೇಳುವ ಮೂರು ಗ್ರಹಣ. ರೂಢಿಯ ಕಾಲಗಣನೆಯಲ್ಲಿ ಅವು ಕ್ರಿ.ಪೂ. 431, 424, 413. ಮೊದಲನೆಯದರಲ್ಲಿ ಸೂರ್ಯ ಬಾಲಚಂದ್ರನಂತಾಗಿ ಕೆಲವು ನಕ್ಷತ್ರ ಕಂಡವು ಎಂದಿದೆ. ನಕ್ಷತ್ರ ಕಂಡರೆ ಖಗ್ರಾಸವೇ ಆಗಬೇಕು, 431ರದು ಖಗ್ರಾಸವಲ್ಲ, ಆದ್ದರಿಂದ ಮೂರನ್ನೂ 11ನೇ ಅಥವಾ 12ನೇ ಶತಮಾನಕ್ಕೆ ತಳ್ಳಬೇಕು ಅಂತ ಅವನ ಹಟ. ಆದರೆ "ಬಾಲಚಂದ್ರನಂತೆ" ಎಂದ ಮೇಲೆ ಅದು ಖಗ್ರಾಸ ಹೇಗಾದೀತು? ಪುಸ್ತಕದ ಒಂದು ಮಾತನ್ನು ಹಿಡಿದು ಪಕ್ಕದ ಮಾತನ್ನು ಬಿಟ್ಟ ಲೆಕ್ಕ.

ಕಲ್ಲು, ಪುಸ್ತಕ ಎರಡೂ ಬೇಡ ಅನ್ನುವವರಿಗೆ ಮರ ಇದೆ. ಸೂರ್ಯನಿಂದ ಬಂದ ಕಣಗಳ ಭಾರಿ ಹೊಡೆತ 774-75ರಲ್ಲಿ ವಾತಾವರಣದ ಕಾರ್ಬನ್-14 ಅನ್ನು ಏಕಾಏಕಿ ಏರಿಸಿತ್ತು. 2012ರಲ್ಲಿ ಫೂಸಾ ಮಿಯಾಕೆ ಅದನ್ನು ಜಪಾನಿನ ದೇವದಾರು ಜಾತಿಯ ಮರದ ಉಂಗುರದಲ್ಲಿ ಪತ್ತೆ ಮಾಡಿದರು. ಆಮೇಲೆ ಜರ್ಮನಿಯ ಓಕ್ ಸೇರಿ ಬೇರೆ ಬೇರೆ ಖಂಡಗಳ ಮರಗಳಲ್ಲೂ ಅದೇ ಉಂಗುರದಲ್ಲಿ ಸಿಕ್ಕಿತು. 993ರಲ್ಲಿ ಇನ್ನೊಂದು ಏರಿಕೆ. ಎರಡರ ನಡುವೆ 219 ಉಂಗುರ. ಇಲ್ಲಿಗ್ ಸರಿಯಾದರೆ 774ರ ಉಂಗುರವೇ ಇರಬಾರದು. ಕೆನಡಾದ ಲಾನ್ಸ್ ಓ ಮೆಡೋಸ್‌ನಲ್ಲಿ ವೈಕಿಂಗರು ಲೋಹದ ಕೊಡಲಿಯಿಂದ ಕಡಿದ ಮರದ ತುಂಡುಗಳಲ್ಲಿ 993ರ ಉಂಗುರ ಗುರುತಿಸಿ, ಅಲ್ಲಿಂದ ತೊಗಟೆಯವರೆಗೆ 28 ಎಣಿಸಿ, ಕಡಿದದ್ದು 1021ರಲ್ಲಿ ಎಂದು 2021ರಲ್ಲಿ ಪ್ರಕಟಿಸಿದರು. ಈ ಎಣಿಕೆಗೆ ಯಾವ ರಾಜನ ಹೆಸರೂ ಬೇಕಾಗಲಿಲ್ಲ.

ಹಾಗೆಂದು ಅನುಮಾನ ಪಡುವುದೇ ತಪ್ಪು ಎಂದಲ್ಲ. ಮಧ್ಯಯುಗದಲ್ಲಿ ಕೂಟ (ನಕಲಿ) ದಾಖಲೆ ಧಾರಾಳವಾಗಿ ಹುಟ್ಟಿವೆ, ಯುರೋಪಿನಲ್ಲೂ ನಮ್ಮಲ್ಲೂ. ಕೂಟ ತಾಮ್ರಪಟಗಳ ವಿಷಯದಲ್ಲಿ ಗಂಗರದು ಕುಖ್ಯಾತಿ. ಮಡಿಕೇರಿಯ ತಾಮ್ರಪಟ ಅವುಗಳಲ್ಲಿ ಹೆಸರುವಾಸಿ: ಗಂಗ ಅವಿನೀತನದು ಎನ್ನಲಾಗುವ ಇದರಲ್ಲಿ ವರ್ಷ 388, ಯಾವ ಗಣನೆ ಎಂದು ಹೇಳಿಲ್ಲ. ಮಾಘ ಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. ಇದನ್ನು ಹಿಡಿಯಲು ಕಂಪ್ಯೂಟರ್ ಬೇಡ, ಬೆರಳು ಸಾಕು. ಹುಣ್ಣಿಮೆಯ ದಿನ ಚಂದ್ರ ಮಾಸದ ಹೆಸರಿನ ನಕ್ಷತ್ರದ ಹತ್ತಿರ ಇರುತ್ತಾನೆ; ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಮಾಘ ಹುಣ್ಣಿಮೆಗೆ ಮಘೆ, ಅಶ್ವಿನಿಯಿಂದ ಹತ್ತನೆಯದು. ಶುದ್ಧ ಪಂಚಮಿ ಹತ್ತು ದಿನ ಹಿಂದೆ, ಆದ್ದರಿಂದ ರೇವತಿಯ ಆಸುಪಾಸು. ಸ್ವಾತಿ ಹದಿನೈದನೆಯದು, ಹುಣ್ಣಿಮೆಯಾದ ಐದು ದಿನಕ್ಕೆ. ಬಹುಳ ಪಂಚಮಿಯಾಗಿದ್ದರೆ ಸ್ವಾತಿ ಬರಬಹುದಿತ್ತು, ಶುದ್ಧ ಪಂಚಮಿಗೆ ಎಂದೂ ಬಾರದು. 388ನ್ನು ಶಕ ಎಂದು ಹಿಡಿದರೆ 466, ಏರಣ್‌ಗಿಂತಲೂ ಮೊದಲೇ ವಾರದ ಹೆಸರು ಬಂದಂತಾಗುತ್ತದೆ. ಇದರ ಜತೆ ಅಕಾಲವರ್ಷ ಎಂಬ ರಾಷ್ಟ್ರಕೂಟ ಬಿರುದೂ ಇದೆ. ಬರೆದವನ ಕೈತಪ್ಪು ಎಂದು ಒಂದನ್ನು ಮನ್ನಿಸಬಹುದು. ಮೂರೂ ಒಟ್ಟಿಗೆ ಬಂದಾಗ ಪಟವನ್ನು ಪಕ್ಕಕ್ಕಿಡುವುದೇ ಸರಿ.

ಮಹಾಭಾರತ ಯುದ್ಧದ ದಿನಾಂಕ ಹುಡುಕುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಐಹೊಳೆ ಶಾಸನದಲ್ಲಿ ರವಿಕೀರ್ತಿ ಭಾರತ ಯುದ್ಧದಿಂದ 3735 ವರ್ಷ, ಶಕ 556 ಎಂದು ಎರಡನ್ನೂ ಕೊಟ್ಟಿದ್ದಾನೆ; ಕಳೆದರೆ 3179, ಕಲಿ ಮತ್ತು ಶಕಗಳ ನಿಗದಿತ ಅಂತರ. ಇದನ್ನು "1400 ವರ್ಷದ ಹಿಂದಿನ ಸಾಕ್ಷಿ" ಎಂದು ತೋರಿಸುವವರು ಒಂದು ಮರೆಯುತ್ತಾರೆ: ಕ್ರಿ.ಪೂ. 3102ರ ಕಲಿಯ ಆರಂಭ ಜ್ಯೋತಿಷಿಗಳು ಗ್ರಹಗಳ ಮಧ್ಯಮಗತಿಯಿಂದ ಹಿಂದಕ್ಕೆ ಎಣಿಸಿ ಇಟ್ಟುಕೊಂಡ ಬಿಂದು. ಆರ್ಯಭಟ ತನಗೆ 23 ತುಂಬಿದಾಗ ಕಲಿಯ 3600 ವರ್ಷ ಕಳೆದಿತ್ತು ಎನ್ನುವುದು 499ಕ್ಕೆ. ಐಹೊಳೆಯ ಕಲ್ಲು ಏಳನೇ ಶತಮಾನದ ಗಣಿತಕ್ಕೆ ಗಟ್ಟಿ ಸಾಕ್ಷಿ, ಕುರುಕ್ಷೇತ್ರಕ್ಕಲ್ಲ.

ಕುರುಕ್ಷೇತ್ರದ ಮರಿಮಗನ ಸಹಿ ಇರುವ ಪಟಗಳೂ ನಮ್ಮಲ್ಲಿವೆ. ಶಿವಮೊಗ್ಗ ಜಿಲ್ಲೆಯ ಗೌಜ ಅಗ್ರಹಾರದ ತಾಮ್ರಪಟ ಪರೀಕ್ಷಿತನ ಮಗ ಜನಮೇಜಯ ಚಕ್ರವರ್ತಿ ಸರ್ಪಯಾಗದ ಹೊತ್ತಿನಲ್ಲಿ ಕೊಟ್ಟ ದಾನ ಎಂದು ಹೇಳಿಕೊಳ್ಳುತ್ತದೆ. ಐದು ಸಾವಿರ ವರ್ಷದ ಕಾಗದಪತ್ರ! ಅದರಲ್ಲಿ ಚೈತ್ರ ಮಾಸದ ಸೂರ್ಯಗ್ರಹಣವೊಂದರ ಪ್ರಸ್ತಾಪವಿದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಆ ವಿವರಗಳನ್ನು ಹಿಡಿದು ಲೆಕ್ಕ ಹಾಕಿದರು. ಅವರಿಗೆ ಬಂದ ದಿನ 1521ರ ಏಪ್ರಿಲ್ 7. ನೀವೇ ನೋಡಿ: ದಿನಸಂಖ್ಯೆ 2276700, ಶೇಷ 6, ಭಾನುವಾರ, 1999ರ ಗ್ರಹಣದಿಂದ ಹಿಂದಕ್ಕೆ ಪಾತಮಾಸ ಸುಮಾರು 6420, ಚಿಲ್ಲರೆ ಇಲ್ಲ. ಜನಮೇಜಯನ ದಾನ ಬಂದು ಬಿದ್ದದ್ದು ಕೃಷ್ಣದೇವರಾಯನ ಆಳ್ವಿಕೆಯ ಹನ್ನೆರಡನೇ ವರ್ಷದ ಆಸುಪಾಸಿಗೆ.